ಆಫೀಸಿನ ಹಳೇ ಚೇರು ಗೇಮಿಂಗ್ ಟೇಬಲ್ಲಿಗೆ: ಆಯ್ಕೆ, ಅಳತೆ, ರಿಪೇರಿ

ದಿನಕ್ಕೆ ಮೂರ್ನಾಲ್ಕು ಗಂಟೆ ಕೂತು ಆಡುವವರು ಕುರ್ಚಿ ಆರಿಸುವಾಗ ಮೊದಲು ನೋಡಬೇಕಾದ್ದು ಸೀಟಿನ ಅಡಿಭಾಗವನ್ನು. ರೆಕ್ಸಿನ್, ಸ್ಪಂಜು, ಚಕ್ರ, ಗ್ಯಾಸ್ ಲಿಫ್ಟ್ (ಸೀಟನ್ನು ಏರಿಸಿ ಇಳಿಸುವ ನಡುವಿನ ಕೊಳವೆ) ಹಾಳಾದರೆ ಬಿಡಿಭಾಗ ಸಿಗುತ್ತದೆ, ಮನೆಯಲ್ಲೇ ಹಾಕಿಕೊಳ್ಳಬಹುದು. ಸೀಟಿನ ಕೆಳಗಿನ ಮೆಕ್ಯಾನಿಸಂ (ಕುರ್ಚಿ ಹಿಂದಕ್ಕೆ ಒರಗುವುದನ್ನು ನಡೆಸುವ ಪೆಟ್ಟಿಗೆ), ಬೆನ್ನಿನ ಚೌಕಟ್ಟು, ಸೀಟಿನ ಉದ್ದಗಲ ಮಾತ್ರ ಕೊಂಡ ದಿನ ಹೇಗಿದ್ದವೋ ಬಹುಮಟ್ಟಿಗೆ ಕೊನೆಯವರೆಗೂ ಹಾಗೇ. ಹೊಳೆಯುವ ಹೊಸ ಬಕೆಟ್ ಸೀಟಿನ ಚೇರಿಗೆ ದುಡ್ಡು ಸುರಿಯುವ ಬದಲು, ಮೆಕ್ಯಾನಿಸಂ ಗಟ್ಟಿಯಾಗಿರುವ ಸೆಕೆಂಡ್ ಹ್ಯಾಂಡ್ ಆಫೀಸ್ ಚೇರ್ ತಂದು ಮೆತ್ತನೆ ಭಾಗಗಳನ್ನೆಲ್ಲ ಹೊಸದು ಮಾಡಿಕೊಳ್ಳುವುದು ಜಾಣತನ. ಬೆಂಗಳೂರಿನಲ್ಲಂತೂ ಆಫೀಸುಗಳು ಜಾಗ ಬದಲಾಯಿಸುವಾಗ ಕುರ್ಚಿಗಳನ್ನು ರಾಶಿಗಟ್ಟಲೆ ಮಾರುವುದರಿಂದ ಒಳ್ಳೆಯ ಮಾಲಿಗೆ ಕೊರತೆಯಿಲ್ಲ.

ಬಕೆಟ್ ಸೀಟಿನ ಬಗ್ಗೆ ಇಷ್ಟು ಹೇಳಿ ಮುಂದೆ ಹೋಗಬಹುದು. ಆ ಆಕಾರ ಬಂದದ್ದು ರೇಸಿಂಗ್ ಕಾರಿನಿಂದ; 2006ರಲ್ಲಿ ಡಿಎಕ್ಸ್‌ರೇಸರ್ ಅದನ್ನು ಗೇಮಿಂಗ್ ಚೇರ್ ಎಂದು ಮಾರುಕಟ್ಟೆಗೆ ತಂದಿತು. ಕಾರು ತಿರುವಿನಲ್ಲಿ ಹೋಗುವಾಗ ಚಾಲಕ ಪಕ್ಕಕ್ಕೆ ಜಾರದಿರಲೆಂದು ಸೀಟಿನ ಎರಡೂ ಬದಿ ಎತ್ತರಿಸಿರುತ್ತಾರೆ. ಮನೆಯಲ್ಲಿ ಆ ಏರುಗಳು ತೊಡೆಗಳನ್ನು ಒಳಕ್ಕೆ ಒತ್ತುತ್ತವೆ, ಕಾಲು ಅಗಲಿಸಿ ಕೂರಲು ಬಿಡುವುದಿಲ್ಲ, ಚಕ್ಕಳಮಕ್ಕಳ ಹಾಕುವುದಂತೂ ಸಾಧ್ಯವೇ ಇಲ್ಲ. ಹೊತ್ತು ಹೊತ್ತಿಗೆ ಭಂಗಿ ಬದಲಾಯಿಸಲು ಬಿಡದ ಕುರ್ಚಿ ಎಷ್ಟು ಮೆತ್ತಗಿದ್ದರೂ ಸೊಂಟಕ್ಕೆ ಒಳ್ಳೆಯದಲ್ಲ.

ಕೆಲಸಕ್ಕೆ ತೆಗೆದುಕೊಂಡ ಕುರ್ಚಿ

ಮೆಶ್ (ಬಲೆಯಂಥ ಬಟ್ಟೆಯ) ಬೆನ್ನು, ಐದು ಕಾಲಿನ ನೈಲಾನ್ ಬೇಸ್, ಸಿಂಕ್ರೋ ಟಿಲ್ಟ್ ಮೆಕ್ಯಾನಿಸಂ (ಬೆನ್ನು ಬಾಗಿದಾಗ ಸೀಟೂ ಜೊತೆಗೆ ತುಸು ವಾಲುವಂಥದ್ದು), ಮೇಲೆ ಕೆಳಗೆ ಮಾತ್ರ ಸರಿಯುವ ಕೈಪಿಡಿ (ಕೈ ಊರುವ ಆರ್ಮ್ ರೆಸ್ಟ್). ದೋಷಗಳು: ಕೂತ ಸ್ವಲ್ಪ ಹೊತ್ತಿಗೆ ತಾನಾಗೇ ಕೆಳಗಿಳಿಯುತ್ತದೆ. ಸೀಟಿನ ರೆಕ್ಸಿನ್ ಹಪ್ಪಳ ಎದ್ದು ಉದುರುತ್ತಿದೆ. ಸ್ಪಂಜು ಕುಸಿದು 35 ಮಿ.ಮೀ.ಗೆ ಬಂದಿದೆ. ಗಟ್ಟಿ ನೈಲಾನ್ ಚಕ್ರಗಳಲ್ಲಿ ಎರಡು ತಿರುಗುವುದೇ ಇಲ್ಲ. ಹಿಂದಕ್ಕೆ ಒರಗಿದರೆ ಟಕ್ ಎಂದು ಸದ್ದು. ಸೀಟಿನ ಆಳ 42 ಸೆಂ.ಮೀ., ಅಗಲ 50 ಸೆಂ.ಮೀ.

ಆಡುವವರ ಅಳತೆ: ಪಾದದಿಂದ ಮೊಣಕಾಲಿನ ಹಿಂಬದಿಗೆ 41 ಸೆಂ.ಮೀ., ಬೆನ್ನಿನಿಂದ ಮೊಣಕಾಲಿನ ಹಿಂಬದಿಗೆ 46 ಸೆಂ.ಮೀ., ಕೂತಾಗ ಸೀಟಿನಿಂದ ಮೊಣಕೈಗೆ 22 ಸೆಂ.ಮೀ. ಈ ಮೂರನ್ನೂ ಗಟ್ಟಿ ಬೆಂಚು ಅಥವಾ ಮರದ ಸ್ಟೂಲಿನ ಮೇಲೆ ಕೂತೇ ಅಳೆಯಬೇಕು. ಸೋಫಾ ಮೇಲೆ ಕೂತು ಅಳೆದ ಲೆಕ್ಕ ಕೆಲಸಕ್ಕೆ ಬಾರದು. ಇನ್ನೊಂದು ಮಾತು: ಕಂಪನಿಗಳು ಕೊಡುವ ಎತ್ತರದ ಲೆಕ್ಕ ಬೂಟು ಹಾಕಿದ ಕಾಲಿಗೆ. ನಮ್ಮ ಮನೆಗಳಲ್ಲಿ ಕೂರುವುದು ಬರಿಗಾಲಲ್ಲಿ. ಹಾಗಾಗಿ ಬ್ರೋಷರಿನ ಅಂಕಿಗಿಂತ ಎರಡು ಮೂರು ಸೆಂ.ಮೀ. ಕೆಳಗೆ ಇಳಿಯುವ ಕುರ್ಚಿಯೇ ಬೇಕಾಗುತ್ತದೆ.

ಸೀಟಿನ ಆಳ 42, ತೊಡೆಯ ಉದ್ದ 46. ಮೊಣಕಾಲಿನ ಹಿಂದೆ 4 ಸೆಂ.ಮೀ. ಜಾಗ ಉಳಿಯುತ್ತದೆ, ಎರಡು ಮೂರು ಬೆರಳು ಸಲೀಸಾಗಿ ತೂರುತ್ತವೆ. ಇದೇ ಕುರ್ಚಿಯ ಸೀಟು 48 ಸೆಂ.ಮೀ. ಆಳವಿದ್ದಿದ್ದರೆ ಬೇರೆ ಎಲ್ಲ ಚೆನ್ನಾಗಿದ್ದರೂ ಬಿಟ್ಟು ಬರಬೇಕಿತ್ತು. ಸೀಟು ಆಳವಾದರೆ ಬೆನ್ನು ಹಿಂದಕ್ಕೆ ತಾಗುವುದೇ ಇಲ್ಲ. ಮುಂದೆ ಸರಿದು ಕೂತು ಬಾಗುತ್ತಾರೆ, ಸೊಂಟದ ಆಸರೆಗೆ ಕೊಟ್ಟ ದುಡ್ಡು ದಂಡ. ಹರ್ಮನ್ ಮಿಲ್ಲರ್ ಕಂಪನಿ 1994ರಲ್ಲಿ ಏರಾನ್ ಕುರ್ಚಿಯನ್ನು ಎ, ಬಿ, ಸಿ ಎಂಬ ಮೂರು ಸೈಜಿನಲ್ಲಿ ಹೊರತಂದದ್ದು ಇದೇ ಕಾರಣಕ್ಕೆ. ಸೆಕೆಂಡ್ ಹ್ಯಾಂಡಿನಲ್ಲಿ ಏರಾನ್ ಸಿಕ್ಕಿತೆಂದು ಕುಳ್ಳಗಿರುವವರು ಸಿ ಸೈಜ್ ಕೊಂಡರೆ ಹಣವೂ ಹೋಯಿತು, ಬೆನ್ನೂ ಹೋಯಿತು.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಕುರ್ಚಿಯನ್ನು ತಲೆಕೆಳಗು ಮಾಡಿ. ಅಂಗಡಿಯವರು ಬೇಡವೆಂದರೂ ಬಿಡಬೇಡಿ. ಬೇಸಿನ ನಡುವೆ ಗ್ಯಾಸ್ ಲಿಫ್ಟ್ ಕೂರುವ ಬಳೆಯ ಸುತ್ತ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಕಪ್ಪು ನೈಲಾನಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಅಥವಾ ಬಳೆಯಿಂದ ಕಾಲಿನ ಕಡೆಗೆ ಬೆಳ್ಳಗೆ ಗೆರೆ ಎದ್ದಿದ್ದರೆ, ಆ ಬೇಸ್ ಮುಗಿಯಿತು. ಲಿಫ್ಟಿನ ತುದಿ ಮೊನಚಾಗಿ ಇಳಿದು ಬಳೆಯನ್ನು ಸದಾ ಹೊರಕ್ಕೆ ಒತ್ತುತ್ತಿರುತ್ತದೆ, ಹಾಗಾಗಿ ಬಿರುಕು ಹುಟ್ಟುವುದೇ ಅಲ್ಲಿ. ಬೇಸನ್ನು ಬದಲಾಯಿಸಬಹುದು ನಿಜ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು.

ಆಮೇಲೆ ಕೂತು ಹಿಂದಕ್ಕೆ ಒರಗಿ. ಒರಗಿದಾಗ ಸೀಟಿನ ಮುಂಭಾಗ ಎದ್ದು ಪಾದ ನೆಲ ಬಿಟ್ಟರೆ ಅದು ಸಾದಾ ಸೆಂಟರ್ ಟಿಲ್ಟ್. ಬೆನ್ನು ಹೆಚ್ಚು ಬಾಗಿ, ಸೀಟು ಅದರ ಅರ್ಧದಷ್ಟು ಮಾತ್ರ ವಾಲಿ, ಪಾದ ನೆಲದಲ್ಲೇ ಉಳಿದರೆ ಸಿಂಕ್ರೋ. ಕಂಟ್ರೋಲರ್ ಹಿಡಿದು ಒರಗಿ ಆಡುವವರಿಗೆ ಸಿಂಕ್ರೋ ಇಲ್ಲದ ಕುರ್ಚಿ ಬೇಡ. ಲಾಕ್ ಇರುವ ಪ್ರತಿಯೊಂದು ಹಂತದಲ್ಲೂ ಹಾಕಿ ನೋಡಿ, ಬೆನ್ನಿಗೆ ಜೋರಾಗಿ ತಳ್ಳಿ. ಜಾರಿದರೆ ಒಳಗಿನ ಹಲ್ಲು ಸವೆದಿದೆ, ಅದಕ್ಕೆ ರಿಪೇರಿ ಇಲ್ಲ.

ಮೆಶ್ಶನ್ನು ಅಂಗೈಯಿಂದ ಒತ್ತಿ ಬಿಡಿ. ಹಿಂದಕ್ಕೆ ಪುಟಿಯದೆ ಜೋತುಬಿದ್ದಿದ್ದರೆ, ಅಂಚಿನಲ್ಲಿ ನೂಲು ಬಿಚ್ಚಿದ್ದರೆ ಬೇಡ. ಮೆಶ್ಶನ್ನು ಚೌಕಟ್ಟಿಗೆ ಎಳೆದು ಕೂರಿಸುವ ಕೆಲಸ ಕುಷನ್ ಅಂಗಡಿಯಲ್ಲಿ ಆಗುವಂಥದ್ದಲ್ಲ.

ಗ್ಯಾಸ್ ಲಿಫ್ಟ್ ಇಳಿಯುವುದು, ರೆಕ್ಸಿನ್ ಹರಿದಿರುವುದು, ಚಕ್ರ ಮುರಿದಿರುವುದು ಇವೆಲ್ಲ ಚೌಕಾಸಿಗೆ ಒಳ್ಳೆಯ ಕಾರಣಗಳೇ ಹೊರತು ಬಿಟ್ಟು ಬರಲು ಕಾರಣಗಳಲ್ಲ.

ತಿಗಣೆ ಮಾತ್ರ ಮರೆಯಬೇಡಿ. ಸೀಟಿನ ಅಡಿ ಸ್ಟೇಪಲ್ ಹೊಡೆದ ಸಾಲು, ಕಪ್ಪು ಬಟ್ಟೆಯ ಮಡಿಕೆ, ಸ್ಕ್ರೂ ತೂತು ಇಲ್ಲೆಲ್ಲ ಕಂದು ಚುಕ್ಕೆ ಕಂಡರೆ ಆ ರಾಶಿಯಿಂದ ಯಾವ ಕುರ್ಚಿಯನ್ನೂ ತರಬೇಡಿ. ಚೆನ್ನಾಗೇ ಕಂಡರೂ ಹಳೆಯ ಹೊದಿಕೆ, ಸ್ಪಂಜು ಕೀಳುವ ಕೆಲಸ ಮನೆಯ ಹೊರಗೆ, ಬಿಸಿಲಿನಲ್ಲಿ ಆಗಲಿ.

ಎತ್ತರದ ಲೆಕ್ಕ

ಬಿಡಿಭಾಗ ಕೊಳ್ಳುವ ಮುನ್ನ ಈ ಲೆಕ್ಕ ಕಾಗದದ ಮೇಲೆ ಆಗಬೇಕು. ಇಲ್ಲದಿದ್ದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತದೆ.

ಹಳೆಯ ಸ್ಥಿತಿಯಲ್ಲಿ, ಮೈಭಾರ ಬಿದ್ದಾಗ, ಸೀಟು 42ರಿಂದ 52 ಸೆಂ.ಮೀ. ನಡುವೆ ಆಡುತ್ತಿತ್ತು. 50 ಮಿ.ಮೀ. ಚಕ್ರ ತೆಗೆದು 60 ಮಿ.ಮೀ. ಹಾಕಿದರೆ 1 ಸೆಂ.ಮೀ. ಏರುತ್ತದೆ. ಹೊಸ ಸ್ಪಂಜು, ಒತ್ತಿದ ಮೇಲೂ, 2 ಸೆಂ.ಮೀ. ಏರಿಸುತ್ತದೆ. ಅಲ್ಲಿಗೆ 45ರಿಂದ 55. ಮೊಣಕಾಲು 41ರಲ್ಲಿರುವವರಿಗೆ ಪೂರ್ತಿ ಕೆಳಗಿಳಿಸಿದರೂ ಪಾದ ನೆಲಕ್ಕೆ ಊರುವುದಿಲ್ಲ, ತೊಡೆಯ ಅಡಿ ಒತ್ತಿ ಜೋಮು ಹಿಡಿಯುತ್ತದೆ. ಆದ್ದರಿಂದ ಹಳೆಯ 100 ಮಿ.ಮೀ. ಸ್ಟ್ರೋಕಿನ (ಏರಿಳಿಯುವ ದೂರದ) ಲಿಫ್ಟಿನ ಬದಲು, ಮುಚ್ಚಿದಾಗ 4 ಸೆಂ.ಮೀ. ಗಿಡ್ಡ ಇರುವ 80 ಮಿ.ಮೀ. ಸ್ಟ್ರೋಕಿನದು. ಹೊಸ ಲೆಕ್ಕ 41ರಿಂದ 49.

ಇನ್ನು ಮೇಜು. ಅಂಗಡಿಯ ಮೇಜುಗಳು ಹೆಚ್ಚಾಗಿ 75 ಸೆಂ.ಮೀ. ಇರುತ್ತವೆ. ಕೈ ಸಡಿಲ ಬಿಟ್ಟಾಗ ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕಾದರೆ ಸೀಟು 75ರಲ್ಲಿ 22 ಕಳೆದು 53 ಸೆಂ.ಮೀ. ಏರಬೇಕು, ಆಗ ಪಾದ ನೆಲದಿಂದ 12 ಸೆಂ.ಮೀ. ಮೇಲೆ ತೂಗುತ್ತದೆ. ಏರಿಸದೆ ಹಾಗೇ ಕೂತರೆ ಭುಜ ಕಿವಿಯ ಕಡೆಗೆ ಎದ್ದು, ಅರ್ಧ ಗಂಟೆಯಲ್ಲಿ ಕತ್ತು ಹಿಡಿಯುತ್ತದೆ. ಇದನ್ನು ಬಹಳ ಜನ ಕುರ್ಚಿಯ ದೋಷ ಎಂದುಕೊಂಡು ಕುರ್ಚಿ ಬದಲಾಯಿಸುತ್ತಾರೆ. ದೋಷ ಮೇಜಿನದು. ಇಲ್ಲಿ ಮರದ ಕಾಲಿನ ಮೇಜಾದ್ದರಿಂದ ನಾಲ್ಕೂ ಕಾಲಿನಿಂದ 5 ಸೆಂ.ಮೀ. ಕೊಯ್ದು 70ಕ್ಕೆ ಇಳಿಸುವುದು ಸುಲಭದ ದಾರಿ. ಆಗ ಸೀಟು 48, ಕಾಲಡಿಗೆ 7 ಸೆಂ.ಮೀ. ಎತ್ತರದ ಹಲಗೆ. ಕೀಬೋರ್ಡ್, ಮೌಸಿನ ಆಟಕ್ಕೆ 48. ಕಂಟ್ರೋಲರ್ ಹಿಡಿದು ಒರಗುವಾಗ ಹಲಗೆ ಸರಿಸಿ 41. ಎರಡೂ ಹೊಸ ಲಿಫ್ಟಿನ ಮಿತಿಯೊಳಗೇ ಬಂದವು.

ಮೇಜು ಕೊಯ್ಯಲಾಗದಿದ್ದರೆ ಕೆಳಗೆ ಕೀಬೋರ್ಡ್ ಹಲಗೆ ಹಾಕಬಹುದು. ಚಾನೆಲ್ ಮೇಲೆ ಜಾರುವ ಟ್ರೇ ಬೇಡ, ಮೌಸ್ ಜೋರಾಗಿ ಎಳೆದಾಗ ಅದು ಅಲ್ಲಾಡುತ್ತದೆ. ಮೇಜಿನಷ್ಟೇ ಅಗಲದ, ಬ್ರಾಕೆಟ್ ಹಾಕಿ ಬಿಗಿದ ಹಲಗೆ ಇರಲಿ.

ಗ್ಯಾಸ್ ಲಿಫ್ಟ್ ಬದಲಾವಣೆ

ಅಂಗಡಿಯಲ್ಲಿ ಹೈಡ್ರಾಲಿಕ್ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ. ಒಳಗಿರುವುದು ಹೆಚ್ಚಿನ ಒತ್ತಡದ ನೈಟ್ರೋಜನ್. ಸೀಲ್ ಸವೆದಾಗ ಕೂತ ಭಾರಕ್ಕೆ ನಿಧಾನ ಇಳಿಯುತ್ತದೆ. ಅದನ್ನು ಬಿಚ್ಚಿ ಸೀಲ್ ಹಾಕುವ, ಮತ್ತೆ ಗ್ಯಾಸ್ ತುಂಬಿಸುವ ಕೆಲಸಕ್ಕೆ ಯಾರೂ ಕೈ ಹಾಕಬಾರದು.

ಲಿಫ್ಟ್ ಹಾಳಾಗಿದೆ ಎಂದು ತೀರ್ಮಾನಿಸುವ ಮೊದಲು ಲಿವರ್ ನೋಡಿ. ಲಿಫ್ಟಿನ ತುದಿಯ ಗುಂಡಿಯನ್ನು ಒತ್ತುವುದು ಮೆಕ್ಯಾನಿಸಂ ಒಳಗಿನ ಒಂದು ತಗಡಿನ ನಾಲಿಗೆ. ಅದು ಬಾಗಿ ಗುಂಡಿಯನ್ನು ಸದಾ ಒತ್ತಿಕೊಂಡೇ ಇದ್ದರೆ ಹೊಚ್ಚ ಹೊಸ ಲಿಫ್ಟ್ ಕೂಡ ಇಳಿಯುತ್ತದೆ. ಲಿವರ್ ಕೈ ಬಿಟ್ಟಾಗ ನಾಲಿಗೆಗೂ ಗುಂಡಿಗೂ ನಡುವೆ 1 ಮಿ.ಮೀ.ನಷ್ಟು ಸಂದು ಕಾಣಬೇಕು. ಸಂದು ಹೆಚ್ಚಾದರೆ ಲಿವರ್ ಎತ್ತಿದರೂ ಕುರ್ಚಿ ಜಗ್ಗುವುದಿಲ್ಲ. ಇಕ್ಕಳದಲ್ಲಿ ನಾಲಿಗೆ ಬಗ್ಗಿಸಿ ಎರಡನ್ನೂ ಸರಿಮಾಡಬಹುದು, ಕಾಸು ಖರ್ಚಿಲ್ಲ. ಈ ಕುರ್ಚಿಯಲ್ಲಿ ಸಂದು ಸರಿಯಿತ್ತು, ಹೋಗಿದ್ದು ಸೀಲೇ.

ಹೊಸದು ಕೊಳ್ಳುವಾಗ ವರ್ನಿಯರ್ ಹಿಡಿದು ಅಳೆಯಬೇಕಾದವು: ಕೆಳಗಿನ ಹೊರ ಕೊಳವೆ (ಸಾಮಾನ್ಯವಾಗಿ 50 ಮಿ.ಮೀ. ವ್ಯಾಸ), ಮೇಲಿನ ತುದಿ (28 ಮಿ.ಮೀ.), ಮುಚ್ಚಿದಾಗಿನ ಒಟ್ಟು ಉದ್ದ, ಸ್ಟ್ರೋಕ್. ಮೈಮೇಲೆ ಕ್ಲಾಸ್ 3 ಅಥವಾ ಕ್ಲಾಸ್ 4 ಎಂದು ಬರೆದಿರುತ್ತದೆ, ಡಿಐಎನ್ 4550 ಎಂಬ ಜರ್ಮನ್ ಮಾನದಂಡದ ಗುರುತೂ ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಗಟ್ಟಿ. ಗುರುತೇ ಇಲ್ಲದ ಬೋಳು ಕೊಳವೆಯನ್ನು ತೆಗೆದುಕೊಳ್ಳಬೇಡಿ. ನಾವು ಅದರ ಮೇಲೇ ಕೂರುವುದು.

ಹಳೆಯದನ್ನು ಬಿಚ್ಚುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ, ಏಕೆಂದರೆ ಇದಕ್ಕೆ ಸ್ಕ್ರೂ ಇಲ್ಲ, ಎರಡೂ ತುದಿ ಬರೀ ಬಿಗಿತದಲ್ಲಿ ಕೂತಿರುತ್ತವೆ. ಕುರ್ಚಿಯನ್ನು ಹಳೆಯ ಕಂಬಳಿಯ ಮೇಲೆ ತಲೆಕೆಳಗಾಗಿ ಇಟ್ಟು ಚಕ್ರ ಕಿತ್ತುಕೊಳ್ಳಿ. ಬೇಸಿನ ನಡುವೆ ಲಿಫ್ಟಿನ ತಳ ಕಾಣುತ್ತದೆ, ಅದರ ಮಧ್ಯೆ ಸಣ್ಣ ಕ್ಲಿಪ್. ಚಪ್ಪಟೆ ಸ್ಕ್ರೂ ಡ್ರೈವರಿನಿಂದ ಕ್ಲಿಪ್ ಎಬ್ಬಿಸಿ, ವಾಷರ್ ತೆಗೆದರೆ ಬೇಸು ಮತ್ತು ಹೊರ ಕೊಳವೆ ಒಟ್ಟಿಗೆ ಮೇಲಕ್ಕೆ ಬರುತ್ತವೆ. ಒಳಗೆ ಬೇರಿಂಗು, ಇನ್ನೊಂದೆರಡು ವಾಷರ್ ಇರುತ್ತವೆ, ಉರುಳಿ ಹೋಗದಂತೆ ನೋಡಿಕೊಳ್ಳಿ. ಈಗ ಮೆಕ್ಯಾನಿಸಮ್ಮಿನಲ್ಲಿ 28 ಮಿ.ಮೀ. ಒಳ ಕೊಳವೆ ಮಾತ್ರ ಉಳಿಯಿತು. ಅದರ ಬುಡಕ್ಕೆ ಡಬ್ಲ್ಯೂಡಿ-40 (ಬಿಗಿದ ಭಾಗ ಬಿಡಿಸುವ ಎಣ್ಣೆ) ಸಿಂಪಡಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 14 ಇಂಚಿನ ಪೈಪ್ ರೆಂಚ್ ಕಚ್ಚಿಸಿ, ಎಳೆಯದೆ, ಎಡಕ್ಕೂ ಬಲಕ್ಕೂ ತಿರುಗಿಸಿ. ಒಮ್ಮೆ ಟಕ್ ಎಂದು ಬಿಟ್ಟುಕೊಂಡರೆ ಆಮೇಲೆ ಕೈಯಲ್ಲೇ ಬರುತ್ತದೆ.

ಬಿಡದಿದ್ದರೆ ಕೊಳವೆಯನ್ನು ಹೊಡೆಯಬೇಡಿ; ಮೆಕ್ಯಾನಿಸಮ್ಮಿನ ತಗಡಿನಲ್ಲಿ ಕೊಳವೆ ಕೂತ ಬಳೆಯ ಪಕ್ಕಕ್ಕೆ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಅದುರಿಗೆ ಸಡಿಲವಾಗುತ್ತದೆ. ಬೆಂಕಿ ತೋರಿಸುವುದು, ಡ್ರಿಲ್ ಮಾಡುವುದು, ಗ್ರೈಂಡರ್ ಹಿಡಿಯುವುದು ಯಾವುದೂ ಕೂಡದು. ಒಳಗಿನ ಗ್ಯಾಸ್ ಹಳೆಯ ಲಿಫ್ಟಿನಲ್ಲೂ ಇರುತ್ತದೆ, ಸಿಡಿದರೆ ಕೊಳವೆ ಗುಂಡಿನಂತೆ ಹಾರುತ್ತದೆ. ಗುಜರಿಗೆ ಹಾಕುವಾಗಲೂ ಇದು ಗ್ಯಾಸ್ ತುಂಬಿದ್ದು, ಗ್ಯಾಸ್ ಕಟರ್ ಹಾಕಬೇಡಿ ಎಂದು ಬಾಯಿಬಿಟ್ಟು ಹೇಳಲೇಬೇಕು. ಅಲ್ಲಿ ಕತ್ತರಿಸುವವರಿಗೆ ಅದು ಬರೀ ಕಬ್ಬಿಣದ ಕೊಳವೆಯಂತೆ ಕಾಣುತ್ತದೆ.

ಹೊಸದನ್ನು ಕೂರಿಸುವಾಗ, ಬೇಸಿನಲ್ಲಿ ಉಳಿದ ಹಳೆಯ ಹೊರ ಕೊಳವೆಯನ್ನೂ ತೆಗೆದು, ಬೇಸು ಮತ್ತು ಮೆಕ್ಯಾನಿಸಮ್ಮಿನ ಎರಡೂ ತೂತುಗಳನ್ನು ಒಣ ಬಟ್ಟೆಯಿಂದ ಒರೆಸಿ, ಎಣ್ಣೆಯ ಪಸೆ ಇಲ್ಲದಂತೆ. ಬಿಚ್ಚಲು ಹಾಕಿದ ಡಬ್ಲ್ಯೂಡಿ-40 ಅಲ್ಲೇ ಉಳಿದರೆ ಬಿಗಿತ ಹಿಡಿಯುವುದಿಲ್ಲ, ಕುರ್ಚಿ ಎತ್ತಿದಾಗ ಬೇಸು ಕಳಚಿ ಕೆಳಗೆ ಬೀಳುತ್ತದೆ. ತುದಿಯ ಗುಂಡಿಯ ಮೇಲಿನ ಪ್ಲಾಸ್ಟಿಕ್ ಟೋಪಿ ತೆಗೆಯಲು ಮರೆಯಬೇಡಿ. ಅದು ಇದ್ದರೆ ಲಿವರ್ ಕೆಲಸ ಮಾಡುವುದಿಲ್ಲ, ಅಥವಾ ಗುಂಡಿ ಒತ್ತಿಕೊಂಡೇ ಇರುತ್ತದೆ. ಬೇಸಿಗೆ ಲಿಫ್ಟ್, ಲಿಫ್ಟಿಗೆ ಸೀಟು ಇಟ್ಟು, ನಾಲ್ಕೈದು ಸಲ ಜೋರಾಗಿ ಕೂತು ಎದ್ದರೆ ಸಾಕು. ಸುತ್ತಿಗೆ ಬೇಕಿಲ್ಲ.

ಹೊಸದಕ್ಕೆ ಖರ್ಚು ಬೇಡ, ಒಬ್ಬರೇ ಬಳಸುವುದು ಎಂದರೆ ಇನ್ನೊಂದು ದಾರಿಯಿದೆ. 28 ಮಿ.ಮೀ. ಒಳ ಕೊಳವೆಗೆ ಕೂರುವ ಪಿವಿಸಿ ಪೈಪನ್ನು ಬೇಕಾದ ಎತ್ತರಕ್ಕೆ ಕೊಯ್ದು, ಉದ್ದಕ್ಕೆ ಸೀಳಿ, ಕೊಳವೆಗೆ ತೊಡಿಸಿದರೆ ಅದು ಹೊರ ಕೊಳವೆಯ ಅಂಚಿನ ಮೇಲೆ ನಿಂತು ಸೀಟನ್ನು ಹೊರುತ್ತದೆ. ಎತ್ತರ ಬದಲಾಯಿಸಲಾಗದು, ಅಷ್ಟೇ. ಪೈಪಿನ ಬದಲು ಹೋಸ್ ಕ್ಲಿಪ್ ಬಿಗಿದರೆ ವಾರದಲ್ಲಿ ಜಾರುತ್ತದೆ.

ಒರಗಿದಾಗಿನ ಟಕ್ ಸದ್ದು

ಸದ್ದು ಎಲ್ಲಿಂದ ಎಂದು ಹಿಡಿಯಲು ಇಬ್ಬರು ಬೇಕು: ಒಬ್ಬರು ಒರಗುವುದು, ಇನ್ನೊಬ್ಬರು ಒಂದೊಂದೇ ಬೋಲ್ಟಿನ ಮೇಲೆ ಬೆರಳಿಟ್ಟು ನೋಡುವುದು. ಸಡಿಲವಾದ ಕೂಡಿಕೆ ಬೆರಳಿಗೇ ಗೊತ್ತಾಗುತ್ತದೆ. ತಿರುಗುವಾಗ ಕಿರ್ ಎಂದರೆ ಲಿಫ್ಟಿನ ತಳದ ಬೇರಿಂಗ್ ಒಣಗಿದೆ. ಲಿಥಿಯಂ ಗ್ರೀಸ್ ಕಡಲೆಕಾಳಿನಷ್ಟು ಸಾಕು. ಒರಗುವಾಗ ಟಕ್ ಎಂದರೆ ಬಹುಮಟ್ಟಿಗೆ ಸೀಟಿನ ಪ್ಲೈವುಡ್ಡಿನ ಟೀ-ನಟ್ (ಬೋಲ್ಟ್ ಹಿಡಿಯಲು ಮರಕ್ಕೆ ಹೊಡೆದ ಮುಳ್ಳಿನ ನಟ್).

ಇಲ್ಲೂ ಅದೇ ಆಗಿತ್ತು. ಸೀಟನ್ನು ಮೆಕ್ಯಾನಿಸಮ್ಮಿಗೆ ಹಿಡಿದ ನಾಲ್ಕು ಎಂ6 (6 ಮಿ.ಮೀ. ವ್ಯಾಸದ) ಬೋಲ್ಟುಗಳಲ್ಲಿ ಹಿಂದಿನ ಎಡಗಡೆಯದು ಬಿಗಿದಷ್ಟೂ ಸುತ್ತುತ್ತಿತ್ತು. ಟೀ-ನಟ್ಟಿನ ಮುಳ್ಳುಗಳು ಮರ ಕಚ್ಚುವುದನ್ನು ಬಿಟ್ಟು ತೂತನ್ನು ಹೆರೆದು ದೊಡ್ಡದು ಮಾಡಿದ್ದವು. ಇದನ್ನು ಸರಿಮಾಡಲು ಹೇಗೂ ಸೀಟಿನ ಹೊದಿಕೆ ಬಿಚ್ಚಬೇಕು, ಆದ್ದರಿಂದ ಸ್ಪಂಜಿನ ಕೆಲಸದ ಜೊತೆಗೇ ಇಟ್ಟುಕೊಳ್ಳಿ.

ಮೆಕ್ಯಾನಿಸಂ ಕಳಚುವ ಮುನ್ನ ಒರಗುವ ಬಿಗಿ ಹೊಂದಿಸುವ ಮುಂದಿನ ಟೆನ್ಷನ್ ಗುಂಡಿಯನ್ನು ಪೂರ್ತಿ ಸಡಿಲ ಮಾಡಿ. ಒಳಗಿನ ಸ್ಪ್ರಿಂಗ್ ಬಿಗಿಯಾಗಿರುವಾಗ ಬೆನ್ನಿನ ಬೋಲ್ಟ್ ತೆಗೆದರೆ ಬೆನ್ನು ರಪ್ಪನೆ ಮುಂದಕ್ಕೆ ಬಡಿಯುತ್ತದೆ. ಮೆಕ್ಯಾನಿಸಮ್ಮಿನ ಪೆಟ್ಟಿಗೆಯನ್ನೇ ಬಿಚ್ಚುವ ಅಗತ್ಯ ಇಲ್ಲ, ಬಿಚ್ಚಬೇಡಿ. ಮೆಕ್ಯಾನಿಸಂ ಪೂರ್ತಿ ಬದಲಾಯಿಸುವವರು ನಾಲ್ಕು ತೂತುಗಳ ನಡುವಿನ ದೂರವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದುಕೊಂಡು ಹೋಗಬೇಕು. 150ಕ್ಕೆ 200 ಮಿ.ಮೀ. ಹೆಚ್ಚು ಬಳಕೆಯದ್ದು, ಆದರೆ ಅದೇ ಇರುತ್ತದೆಂದು ನಂಬಬೇಡಿ.

ಸುತ್ತುವ ಟೀ-ನಟ್ಟನ್ನು ತಟ್ಟಿ ಹೊರತೆಗೆದು, ತೂತಿನ ಗೋಡೆಯ ಪುಡಿ ಕೆರೆದು, ಎರಡು ಭಾಗದ ಎಪಾಕ್ಸಿ ಸವರಿ, ಹೊಸ ಟೀ-ನಟ್ಟನ್ನು ಮುಳ್ಳು ಹಳೆಯ ಗುರುತಿಗೆ ಬೀಳದಂತೆ 45 ಡಿಗ್ರಿ ತಿರುಗಿಸಿ ಹೊಡೆಯಿರಿ. ಅಂಟು ನಟ್ಟಿನ ಒಳಗಿನ ಮರೆಗೆ (ಥ್ರೆಡ್ಡಿಗೆ) ಇಳಿಯದಂತೆ ಬೋಲ್ಟಿಗೆ ಗ್ರೀಸ್ ಹಚ್ಚಿ ಸ್ವಲ್ಪ ತಿರುಗಿಸಿ ಇಟ್ಟಿರಬೇಕು. ಒಂದು ದಿನ ಒಣಗಲಿ, ಆಮೇಲೆ ಆ ಬೋಲ್ಟಿನ ಗ್ರೀಸ್ ಒರೆಸಿಬಿಡಿ. ಬೋಲ್ಟಿನ ಉದ್ದ 20 ಮಿ.ಮೀ.: ಮೆಕ್ಯಾನಿಸಂ ತಗಡು 3, ಪ್ಲೈವುಡ್ 12, ಉಳಿದದ್ದು ವಾಷರಿಗೆ ಮತ್ತು ಒಂದೆರಡು ಮರೆಗೆ. ಮನೆಯಲ್ಲಿ ಇದೆ ಎಂದು 35 ಮಿ.ಮೀ. ಹಾಕಿದರೆ ತುದಿ ಸ್ಪಂಜಿನೊಳಗೆ ಎದ್ದು ತೊಡೆಗೆ ಚುಚ್ಚುತ್ತದೆ. ಸ್ಪ್ರಿಂಗ್ ವಾಷರ್ ಜೊತೆಗೆ ನೀಲಿ ಬಣ್ಣದ ಮಧ್ಯಮ ಬಲದ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ನಾಲ್ಕನ್ನೂ ಮೊದಲು ಕೈಯಲ್ಲಿ ಹಿಡಿಸಿ, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಬಿಗಿಯಬೇಕು. ಹಳೆಯ ಅಮೆರಿಕನ್ ಕುರ್ಚಿಗಳಲ್ಲಿ ಕಾಲು ಇಂಚಿನ ಬೋಲ್ಟ್ ಇರುತ್ತದೆ. ಎಂ6ರಂತೆಯೇ ಕಾಣುತ್ತದೆ, ಎರಡು ಸುತ್ತು ಹೋಗಿ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ, ಒತ್ತಾಯ ಮಾಡಬೇಡಿ.

ಸ್ಪಂಜು ಮತ್ತು ಹೊದಿಕೆ

ಸ್ಪಂಜಿನ ಅಂಗಡಿಯಲ್ಲಿ ಡೆನ್ಸಿಟಿ ಕೇಳಿ ಕೊಡುತ್ತಾರೆ: 32, 40, 50 ಹೀಗೆ. ಆ ಅಂಕಿ ಒಂದು ಘನ ಮೀಟರಿಗೆ ಎಷ್ಟು ಕೆ.ಜಿ. ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಗಟ್ಟಿ ಎಂಬುದನ್ನಲ್ಲ. ಡೆನ್ಸಿಟಿ ಹೆಚ್ಚಿದ್ದರೆ ಹೆಚ್ಚು ವರ್ಷ ಕುಸಿಯದೆ ಬಾಳುತ್ತದೆ. ಗಟ್ಟಿತನವನ್ನು ಕೈಯಿಂದ ಒತ್ತಿ, ಸಾಧ್ಯವಾದರೆ ತುಂಡು ನೆಲಕ್ಕಿಟ್ಟು ಮೇಲೆ ಕೂತು ನೋಡಬೇಕು. ಸೋಫಾಕ್ಕೆ ಹಾಕುವ 28 ಡೆನ್ಸಿಟಿ ಅಂಗಡಿಯಲ್ಲಿ ಹಾಯಾಗಿರುತ್ತದೆ, ಆರು ತಿಂಗಳಲ್ಲಿ ಪ್ಲೈವುಡ್ ತಾಗುತ್ತದೆ.

ಇಲ್ಲಿ ಹಾಕಿದ್ದು ಎರಡು ಪದರ. ತಳಕ್ಕೆ 25 ಮಿ.ಮೀ. ರೀಬಾಂಡೆಡ್, ಅಂದರೆ ಬಣ್ಣ ಬಣ್ಣದ ಚೂರು ಒತ್ತಿ ಮಾಡಿದ ಗಟ್ಟಿ ಸ್ಪಂಜು. ಮೇಲೆ 40 ಮಿ.ಮೀ. ಎಚ್‌ಆರ್ (ಹೈ ರೆಸಿಲಿಯನ್ಸ್, ಅಂದರೆ ಚೆನ್ನಾಗಿ ಪುಟಿಯುವ) ಫೋಮ್, 45 ಡೆನ್ಸಿಟಿಯದು. ಬರೀ ಮೆತ್ತನೆಯದೇ ಹಾಕಿದರೆ ಕೂತಾಗ ಮೂಳೆ ಹಲಗೆಗೆ ತಾಗುತ್ತದೆ. ಪ್ಲೈವುಡ್ಡನ್ನೇ ಅಚ್ಚಾಗಿ ಇಟ್ಟು ಗೆರೆ ಹಾಕಿ, ಸುತ್ತಲೂ 8 ಮಿ.ಮೀ. ಹೆಚ್ಚು ಬಿಟ್ಟು ಕೊಯ್ಯಿರಿ. ಬಟ್ಟೆ ಎಳೆದಾಗ ಆ ಹೆಚ್ಚುವರಿ ಒತ್ತಿಕೊಂಡು ಅಂಚು ತುಂಬಿ ನಿಲ್ಲುತ್ತದೆ. ಕೊಯ್ಯಲು ಬ್ರೆಡ್ ಕತ್ತರಿಸುವ ಉದ್ದ ಚಾಕು ಅಥವಾ ಬಿಡಿ ಹ್ಯಾಕ್ಸಾ ಬ್ಲೇಡ್. ಕತ್ತರಿ ಅಂಚನ್ನು ಹಿಸುಕಿ ವಕ್ರ ಮಾಡುತ್ತದೆ. ಮುಂದಿನ ಅಂಚಿನ ಮೇಲ್ಭಾಗವನ್ನು 45 ಡಿಗ್ರಿಗೆ, 30 ಮಿ.ಮೀ.ನಷ್ಟು ಇಳಿಜಾರು ಕೊಯ್ಯಲೇಬೇಕು, ಏಕೆಂದರೆ ನೇರ ಅಂಚು ತೊಡೆಯ ಅಡಿ ಕಡ್ಡಿಯಂತೆ ಒತ್ತುತ್ತದೆ.

ಅಂಟಿಗೆ ಬಿಳಿ ಫೆವಿಕಾಲ್ ಬೇಡ. ಅದು ಗಾಜಿನಂತೆ ಗಟ್ಟಿಯಾಗಿ ಕೂತಾಗಲೆಲ್ಲ ಚಟಪಟ ಎನ್ನುತ್ತದೆ. ಕುಷನ್ ಕೆಲಸದವರು ಬಳಸುವ ಸಿಂಥೆಟಿಕ್ ರಬ್ಬರ್ ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಸವರಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಂತಾದಾಗ ಕೂಡಿಸಿ. ಹಸಿಯಿರುವಾಗಲೇ ಒತ್ತಿದರೆ ಒಳಗಿನ ದ್ರಾವಕ ಹೊರಹೋಗದೆ ಪದರ ಜಾರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ ಇರದಿರಲಿ.

ಹೊದಿಕೆಯ ಮಾತು. ಉದುರಿದ ಹಳೆಯ ರೆಕ್ಸಿನ್ ಪಿಯು ಲೆದರ್. ಪಾಲಿಯುರೆಥೇನ್ ಪದರವನ್ನು ಗಾಳಿಯ ತೇವ, ಬೆವರು ನಿಧಾನವಾಗಿ ಒಡೆಯುತ್ತವೆ. ಬಳಸದೆ ಮೂಲೆಯಲ್ಲಿಟ್ಟರೂ ಒಡೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಿ ಇನ್ನೂ ಬೇಗ. ಪಿವಿಸಿ ರೆಕ್ಸಿನ್ ಹಾಗೆ ಉದುರುವುದಿಲ್ಲ, ಆದರೆ ಬೆವರು ಹೊರಹೋಗದೆ ಬೇಸಿಗೆಯಲ್ಲಿ ತೊಡೆಗೆ ಅಂಟುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ ಆಡುವವರಿಗೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆಯೇ ಸರಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಕಾರ್ ಸೀಟಿನ ಅಂಗಡಿಗಳಲ್ಲಿ ಬಟ್ಟೆ, ರೆಕ್ಸಿನ್ ಎರಡೂ ಮೀಟರ್ ಲೆಕ್ಕದಲ್ಲಿ ಸಿಗುತ್ತವೆ. ಅಗಲ 50, ಎರಡು ಬದಿಗೆ ಆರೂವರೆ ಸೆಂ.ಮೀ.ಯಂತೆ 13, ಅಡಿಗೆ ಮಡಿಸಲು ಐದೈದು ಸೇರಿಸಿ 10, ಒಟ್ಟು 73. ಹಾಗಾಗಿ 75 ಸೆಂ.ಮೀ. ಚೌಕ ಕೇಳಿ.

ಸ್ಟೇಪಲ್ ಕಾಲು 8 ಮಿ.ಮೀ. ಮೊದಲು ಮುಂದಿನ ಅಂಚಿನ ನಡುವೆ ಒಂದು, ಎಳೆದು ಹಿಂದಿನ ನಡುವೆ ಒಂದು, ಆಮೇಲೆ ಎಡ ಬಲ. ಅಲ್ಲಿಂದ ಎರಡು ಸೆಂ.ಮೀ.ಗೊಂದರಂತೆ ಮೂಲೆಯ ಕಡೆಗೆ ಸಾಗಿ, ಎದುರು ಬದುರು ಅಂಚುಗಳಲ್ಲಿ ಸರದಿಯ ಮೇಲೆ. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಟ್ಟೆಯ ನೇಯ್ಗೆ ಓರೆಯಾಗಿ ಮೇಲೆ ಅಲೆ ಅಲೆಯಾಗಿ ಕಾಣುತ್ತದೆ. ಮೂಲೆಗಳು ಕೊನೆಗೆ, ದಪ್ಪ ಒಂದು ಮಡಿಕೆಗಿಂತ ತೆಳ್ಳಗೆ ಮೂರು ನಾಲ್ಕು ನೆರಿಗೆ. ರೆಕ್ಸಿನ್ ಹಾಕುವವರು ಅದನ್ನು ಮೊದಲು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿದರೆ ಮೂಲೆಯಲ್ಲಿ ಮಾತು ಕೇಳುತ್ತದೆ. ಬೋಲ್ಟ್ ತೂತುಗಳ ಮೇಲೆ ಬಟ್ಟೆ ಬಿದ್ದಿದ್ದರೆ ಕಾಯಿಸಿದ ಮೊಳೆಯಿಂದ ಚುಚ್ಚಿ; ಅಂಚು ಕರಗಿ ನೂಲು ಬಿಚ್ಚುವುದಿಲ್ಲ.

ಚಕ್ರ

ಗಟ್ಟಿ ನೈಲಾನ್ ಚಕ್ರ ಕಾರ್ಪೆಟ್ಟಿಗೆ ಮಾಡಿದ್ದು. ಯುರೋಪಿನ ಇಎನ್ 12529 ಮಾನದಂಡ ಗಟ್ಟಿಯದನ್ನು ಎಚ್, ಮೆತ್ತನೆಯದನ್ನು ಡಬ್ಲ್ಯೂ ಎಂದು ಬೇರೆ ಮಾಡುತ್ತದೆ. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲಕ್ಕೆ ಡಬ್ಲ್ಯೂ, ಅಂದರೆ ಹೊರಗೆ ಪಿಯು ರಬ್ಬರಿನ ಪಟ್ಟಿ ಇರುವುದು ಬೇಕು. ಗಟ್ಟಿಯದು ಟೈಲ್ಸ್ ಮೇಲೆ ಜಾರುತ್ತದೆ, ಸದ್ದು ಮಾಡುತ್ತದೆ, ರೆಡ್ ಆಕ್ಸೈಡಿನ ಹೊಳಪನ್ನು ಗೀಚುತ್ತದೆ. ಚಕ್ರವನ್ನು ಬೇಸಿಗೆ ಹಿಡಿಸುವ ಕಡ್ಡಿಯ ವ್ಯಾಸ ಸಾಮಾನ್ಯವಾಗಿ 11 ಮಿ.ಮೀ.; ಐಕಿಯಾ ಕುರ್ಚಿಗಳದ್ದು 10. ಹತ್ತರ ಕಡ್ಡಿ ಹನ್ನೊಂದರ ತೂತಿಗೆ ಹೋಗುತ್ತದೆ, ಆದರೆ ಕುರ್ಚಿ ಎತ್ತಿದಾಗಲೆಲ್ಲ ಉದುರುತ್ತದೆ. ಐದನ್ನೂ ಒಟ್ಟಿಗೆ ಬದಲಾಯಿಸಿ. ಪಾರದರ್ಶಕ ದೊಡ್ಡ 75 ಮಿ.ಮೀ. ಚಕ್ರಗಳು ಚೆನ್ನಾಗಿ ಉರುಳುತ್ತವೆ, ಆದರೆ ಸೀಟನ್ನು ಎರಡೂವರೆ ಸೆಂ.ಮೀ. ಎತ್ತುತ್ತವೆ, ಎತ್ತರದ ಲೆಕ್ಕ ಮತ್ತೆ ಮಾಡಬೇಕಾಗುತ್ತದೆ. ತಿರುಗದ ಚಕ್ರ ಎಲ್ಲವೂ ಕೆಟ್ಟದ್ದಲ್ಲ: ಅಚ್ಚಿಗೆ ಸುತ್ತಿಕೊಂಡ ತಲೆಗೂದಲನ್ನು ಬ್ಲೇಡಿನಿಂದ ಕೊಯ್ದು ಚಿಮುಟದಲ್ಲಿ ಎಳೆದರೆ ಅರ್ಧದಷ್ಟು ಮತ್ತೆ ಓಡುತ್ತವೆ.

ಜೋಡಿಸಿದ ಮೇಲೆ ಹೊಂದಿಸುವುದು

ಸ್ಪಂಜು 2 ಸೆಂ.ಮೀ. ಎತ್ತಿದ್ದರಿಂದ ಕೂತವರೂ ಅಷ್ಟು ಮೇಲೆ ಬಂದರು. ಹಾಗಾಗಿ ಸೊಂಟದ ಪಟ್ಟಿಯನ್ನೂ 2 ಸೆಂ.ಮೀ. ಏರಿಸಬೇಕು, ಅದರ ಉಬ್ಬು ಬೆಲ್ಟ್ ಕಟ್ಟುವ ಜಾಗಕ್ಕಿಂತ ತುಸು ಮೇಲೆ ಬರುವಂತೆ. ಕೈಪಿಡಿ ಹಿಂದೆ ಸೀಟಿನಿಂದ 18ರಿಂದ 25 ಸೆಂ.ಮೀ. ನಡುವೆ ಆಡುತ್ತಿದ್ದದ್ದು ಈಗ 16ರಿಂದ 23. ಬೇಕಾದ 22 ಇನ್ನೂ ಒಳಗೇ ಇದೆ. ದಪ್ಪ ಸ್ಪಂಜು ಹಾಕಿದ್ದರೆ ಕೈಪಿಡಿ ಪೂರ್ತಿ ಎತ್ತಿದರೂ ಮೊಣಕೈಗೆ ಸಿಗುತ್ತಿರಲಿಲ್ಲ, ಹತ್ತು ಸೆಂ.ಮೀ. ಸ್ಪಂಜು ತುಂಬಿಸಿ ಕುರ್ಚಿ ಹಾಳು ಮಾಡಿಕೊಳ್ಳುವವರು ಈ ಲೆಕ್ಕ ನೋಡಿರುವುದಿಲ್ಲ.

ಶೂಟಿಂಗ್ ಆಟಗಳಲ್ಲಿ ಮೌಸ್ ಸೆನ್ಸಿಟಿವಿಟಿ ಕಡಿಮೆ ಇಟ್ಟು ಇಡೀ ತೋಳನ್ನು ಬೀಸುವವರಿಗೆ ಬಲಗಡೆಯ ಕೈಪಿಡಿ ಅಡ್ಡಿ. ಅದನ್ನು ಪೂರ್ತಿ ಇಳಿಸಿ, ಅಥವಾ ಬಿಚ್ಚಿಡಿ. ಬಿಚ್ಚಿದರೆ ಅದರ ಬೋಲ್ಟನ್ನೇ ಮತ್ತೆ ಹಾಕಬೇಡಿ: ಕೈಪಿಡಿಯ ತಗಡಿನ ದಪ್ಪ ಕಡಿಮೆಯಾದ್ದರಿಂದ ತುದಿ ಅಷ್ಟೇ ಮೇಲೆ ಚುಚ್ಚುತ್ತದೆ. ತಲೆದಿಂಬು ಇರುವ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಕೂತು ನೋಡಿ. ಪಟ್ಟಿ ದಿಂಬಿಗೆ ತಾಗಿ ತಲೆ ಮುಂದಕ್ಕೆ ಬಾಗುತ್ತಿದ್ದರೆ ದಿಂಬು ತೆಗೆಯುವುದೇ ಮೇಲು.

ಟೆನ್ಷನ್ ಗುಂಡಿಯನ್ನು ಈಗ ಬಿಗಿಯಬೇಕು. ಕೈ ಕಟ್ಟಿ, ನೆಲಕ್ಕೆ ಕಾಲು ಒತ್ತದೆ ಒರಗಿದಾಗ ಬೆನ್ನು ನಿಧಾನ ಹಿಂದೆ ಹೋಗಿ, ಮುಂದೆ ಬಾಗಿದಾಗ ಜೊತೆಗೇ ಬರುವಷ್ಟು ಬಿಗಿ ಇರಲಿ. ಲಾಕ್ ಹಾಕಿ ಆಡುವ ಅಭ್ಯಾಸ ಬೇಡ, ಬೆನ್ನು ಆಡುತ್ತಿರಲಿ.

ಲಿಫ್ಟಿನ ಒಳ ಕೊಳವೆಯ ಮೇಲೆ, ಹೊರ ಕೊಳವೆಯ ಅಂಚಿಗೆ ಸರಿಯಾಗಿ ಮಾರ್ಕರಿನಿಂದ ಗೆರೆ ಎಳೆದು ಒಂದು ಗಂಟೆ ಕೂತು ನೋಡಿ. ಗೆರೆ ಮುಳುಗಿದ್ದರೆ ಮೊದಲು ಲಿವರಿನ ನಾಲಿಗೆಯ ಸಂದು ನೋಡಿ, ಆಮೇಲೆ ಅಂಗಡಿಗೆ ಹೋಗಿ. ಒಂದು ವಾರ ಬಳಸಿದ ಮೇಲೆ ಸೀಟು, ಬೆನ್ನು, ಕೈಪಿಡಿಗಳ ಬೋಲ್ಟುಗಳನ್ನು ಮತ್ತೊಮ್ಮೆ ಅಲೆನ್ ಕೀ ಹಿಡಿದು ಪರೀಕ್ಷಿಸಿ. ಹೊಸ ಸ್ಪಂಜು, ಪ್ಲೈವುಡ್ ಒತ್ತಿಕೊಂಡು ಕೂತ ಮೇಲೆ ಕಾಲು ಸುತ್ತು ಹಿಡಿಯುವುದು ಸಹಜ. ಅರ್ಧ ಸುತ್ತಿಗಿಂತ ಹೆಚ್ಚು ಹೋಯಿತೆಂದರೆ ಆ ಟೀ-ನಟ್ ಜರುಗುತ್ತಿದೆ. ಹೊದಿಕೆ ಹೊಸದಿರುವಾಗಲೇ ಸ್ಟೇಪಲ್ ಎಬ್ಬಿಸಿ ಅದನ್ನೂ ಎಪಾಕ್ಸಿ ಹಾಕಿ ಕೂರಿಸಿಬಿಡಿ.